ಚಹಾ ಯಾರಿಗೆ ಎಂದು ಕೇಳಿದವಳು

ತಂಗಿಯ ಮಗಳ ಶಾಲೆಯ ಬಗ್ಗೆ ನಾನು ಪತ್ರಿಕೆಯಲ್ಲಿ ಬರೆದದ್ದು ನಾಲ್ಕೇ ಸಾಲು. ಪಟ್ಟಣದ ಹೊರವಲಯದ ಅಂತರರಾಷ್ಟ್ರೀಯ ಶಾಲೆಯಲ್ಲಿ ಮಕ್ಕಳ ಕಲಿಕಾ ಪ್ರದರ್ಶನ ನಡೆಯಿತು, ಪಾಲಕರು ಹೆಚ್ಚಿನ ಸಂಖ್ಯೆಯಲ್ಲಿ ಪಾಲ್ಗೊಂಡಿದ್ದರು, ಪ್ರಾಚಾರ್ಯರು ಮಾತನಾಡಿದರು, ಶಿಕ್ಷಕರು ಉಪಸ್ಥಿತರಿದ್ದರು. ಜೊತೆಗೆ ಒಂದು ಫೋಟೊ. ಅದರಲ್ಲಿ ಅವಳಿಲ್ಲ. ಸಂಬಂಧಿಕರ ಸುದ್ದಿ ಬರೆಯಬಾರದು, ಬರೆಯಲೇಬೇಕಾಗಿ ಬಂದರೆ ಅವರನ್ನು ಬಿಟ್ಟು ಬರೆಯಬೇಕು ಎಂಬುದು ಕೆಲಸಕ್ಕೆ ಸೇರಿದಂದಿನಿಂದ ನಾನು ಪಾಲಿಸಿಕೊಂಡು ಬಂದ ನಿಯಮ. ಹಾಗಾಗಿ ಆ ದಿನ ಅಲ್ಲಿ ನಡೆದದ್ದು, ಅದರ ಹಿಂದೆಮುಂದೆ ನಡೆದದ್ದು ಎಲ್ಲಿಯೂ ದಾಖಲಾಗಲಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲ್ಲೂಕುಗಳ ಸುದ್ದಿ ನನ್ನ ಪಾಲಿಗೆ ಬಂದು ಬಹಳ ವರ್ಷಗಳಾದವು. ಶಾಲೆಗಳ ಉದ್ಘಾಟನೆಗೆ ಸಾಕಷ್ಟು ಹೋಗಿದ್ದೇನೆ. ಅಫಜಲಪುರದ ಕಡೆ ಒಂದು ಶಾಲೆ ಗೇಟಿನ ಮೇಲೆ ಸಿಮೆಂಟಿನ ಭೂಗೋಳ ಕೂರಿಸಿ, ಅದಕ್ಕೆ ನೀಲಿ ಬಣ್ಣ ಬಳಿದು, ಹೆಸರಿಗೆ ಇಂಟರ್‌ನ್ಯಾಷನಲ್ ಎಂದು ಸೇರಿಸಿಕೊಂಡಿತು. ಒಳಗೆ ಮಕ್ಕಳು ಕೈಕಟ್ಟಿ ಕುಳಿತು, ಒಬ್ಬರು ಹೇಳಿದ್ದನ್ನು ಎಲ್ಲರೂ ಕೂಗಿ ಹೇಳುತ್ತಿದ್ದರು. ನಾವೂ ಹಾಗೆಯೇ ಕಲಿತವರು, ಭಾಷೆ ಮಾತ್ರ ಬೇರೆ. ಜೇವರ್ಗಿಯ ಕಡೆ ಇನ್ನೊಂದರಲ್ಲಿ ಕಾರ್ಯದರ್ಶಿ ಈಜುಕೊಳ ತೋರಿಸಿದರು. ನೀರಿರಲಿಲ್ಲ, ಅದರಲ್ಲಿ ಹಳೆಯ ಬೆಂಚುಗಳನ್ನು ಪೇರಿಸಿಟ್ಟಿದ್ದರು.

ಆದ್ದರಿಂದ ಆಳಂದದ ಹೊರಗೆ ತೊಗರಿ ಹೊಲಗಳ ನಡುವೆ ಇಂಥದೇ ಹೆಸರಿನ ಶಾಲೆ ಶುರುವಾದಾಗ ನನಗೆ ಕುತೂಹಲವಿರಲಿಲ್ಲ. ತಂಗಿಯ ಗಂಡ ಮಗಳನ್ನು ಹಳೆಯ ಶಾಲೆಯಿಂದ ಬಿಡಿಸಿ ಅಲ್ಲಿಗೆ ಹಾಕಿದಾಗ, ಇದು ಅಂತಸ್ತಿನ ವಿಷಯ ಎಂದುಕೊಂಡೆ. ಅವರದು ಮಾರುಕಟ್ಟೆ ಯಾರ್ಡಿನಲ್ಲಿ ಅಡತಿ ಅಂಗಡಿ. ರೈತರು ತಂದ ತೊಗರಿ, ಕಡಲೆ ಅಲ್ಲಿ ಹರಾಜಾಗುತ್ತದೆ, ಹಮಾಲರು ಚೀಲ ಹೊತ್ತು ಲಾರಿಗೆ ಏರಿಸುತ್ತಾರೆ. ಅವರನ್ನು ನಾನು ಸಾವ್ಕಾರ್ರ ಎನ್ನುತ್ತೇನೆ, ಅವರು ನನ್ನನ್ನು ಪೇಪರ್‌ನವರ ಎನ್ನುತ್ತಾರೆ. ಇಬ್ಬರ ದನಿಯಲ್ಲೂ ಸ್ವಲ್ಪ ಕುಚೋದ್ಯ ಇರುತ್ತದೆ.

ತಂಗಿಯ ಮಗಳು, ಎಂದರೆ ನನ್ನ ಸೊಸೆ, ಆಗ ಹತ್ತು ವರ್ಷದವಳು. ಹಳೆಯ ಶಾಲೆಯಲ್ಲಿ ಮೊದಲ ಸ್ಥಾನ ಬಿಟ್ಟುಕೊಟ್ಟವಳಲ್ಲ. ಮನೆಗೆ ಯಾರಾದರೂ ಬಂದರೆ ರಾಜ್ಯಗಳ ರಾಜಧಾನಿಗಳನ್ನು ಉಸಿರು ಬಿಡದೆ ಹೇಳಿ ಒಳಗೆ ಹೋಗಿಬಿಡುತ್ತಿದ್ದಳು. ಅದರಾಚೆ ಅವಳ ದನಿಯನ್ನು ನಾನು ಹೆಚ್ಚು ಕೇಳಿದವನಲ್ಲ.

ಹೊಸ ಶಾಲೆಗೆ ಸೇರಿದ ಸ್ವಲ್ಪ ದಿನಕ್ಕೆ ತಂಗಿ ಫೋನು ಮಾಡಿದಳು.

"ಅಣ್ಣಾ, ಆ ಮೇಡಮ್ಮಗ ಏನೂ ಬರೂದಿಲ್ಲ ಕಾಣ್ತದ."

"ಯಾಕ?"

"ಕೂಸು ಏನ್ ಕೇಳಿದ್ರೂ, ನಿನಗೇನ್ ಅನಸ್ತದ ಅಂತ ತಿರುಗಿ ಅಕಿನ್ನೇ ಕೇಳ್ತಾಳಂತ. ನಮ್ಮ ಪೋರಿಗೆ ಅನಿಸೂದ್ ಗೊತ್ತಿದ್ರ ಅಕೀನ್ನ ಸಾಲಿಗ್ಯಾಕ ಕಳಸ್ತಿದ್ವಿ? ನೀ ಒಂದ್ ಸಲ ಹೋಗಿ ನೋಡಿ ಬಾ. ಪೇಪರ್‌ನವ ಅಂದ್ರ ಒಳಗ ಬಿಡ್ತಾರ."

ಬಿಟ್ಟರು. ಪ್ರಾಚಾರ್ಯರು ಪುಣೆಯ ಕಡೆಯವರು, ಮರಾಠಿ ಬೆರೆತ ಇಂಗ್ಲಿಷಿನಲ್ಲಿ ಶಾಲೆಯ ಧ್ಯೇಯ ವಿವರಿಸಿ, ನನ್ನನ್ನು ತರಗತಿಯ ಹಿಂದಿನ ಸಾಲಿನಲ್ಲಿ ಕೂರಿಸಿದರು. ತರಗತಿಯ ಶಿಕ್ಷಕಿ ನರೋಣಾದವರು. ಮೂವತ್ತರ ಒಳಗಿನ ವಯಸ್ಸು, ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವರು. ಕೈಯಲ್ಲಿ ಒಂದು ಬಿಸ್ಕೀಟು ಪುಡಿಕೆ ಹಿಡಿದು ನಿಂತಿದ್ದರು.

ಮಕ್ಕಳಿಗಿಂತ ಬಿಸ್ಕೀಟು ಕಡಿಮೆ. ಯಾರೂ ಗೊಣಗದ ಹಾಗೆ ಹಂಚುವುದು ಹೇಗೆ ಎಂಬುದು ಅಂದಿನ ಪಾಠ. ಎಲ್ಲವನ್ನೂ ಮುರಿದು ಸಮನಾಗಿ ಕೊಡಬೇಕು ಎಂದಿತು ಒಂದು ಮಗು. ಬೆಳಿಗ್ಗೆ ತಿಂದು ಬರದವರಿಗೆ ಹೆಚ್ಚು ಕೊಡಬೇಕು ಎಂದಿತು ಇನ್ನೊಂದು. ಹಿರೋಳ್ಳಿಯಿಂದ ಬರುವ ಒಬ್ಬ ಹುಡುಗ ಎದ್ದು ನಿಂತು, "ಬಿಸ್ಕೀಟ್ ಯಾರ್ ತಂದಾರ? ಅವ್ರು ಹೇಳಿದಾಂಗ ಆಗ್ಲಿ. ನಮ್ಮ ಮನ್ಯಾಗ ಹಂಗೇ," ಎಂದ. ಶಿಕ್ಷಕಿ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದರು. ಯಾವುದಕ್ಕೂ ಸರಿ ಎನ್ನಲಿಲ್ಲ, ತಪ್ಪೆನ್ನಲಿಲ್ಲ.

ನನ್ನ ಸೊಸೆ ಕೈ ಎತ್ತಿದಳು. "ಟೀಚರ್, ಇದ್ರಾಗ ಕರೆಕ್ಟ್ ಯಾವ್ದು?"

"ನಾನೂ ಅದನ್ನೇ ನೋಡಾಕತ್ತೇನಿ. ಮೂರೂ ಮಾಡಿ ನೋಡೋಣೇನು? ಯಾವುದಕ್ಕ ಗೊಣಗಾಟ ಕಡಿಮಿ ಬರ್ತದ ಅಂತ?"

ಮಾಡಿ ನೋಡಿದರು. ಗಂಟೆ ಬಾರಿಸುವ ಹೊತ್ತಿಗೆ ಬಿಸ್ಕೀಟೆಲ್ಲ ಪುಡಿಯಾಗಿತ್ತು, ತರಗತಿ ಸಂತೆಯಾಗಿತ್ತು. ನಾನು ಮೂರು ತಾಲ್ಲೂಕುಗಳಲ್ಲಿ ಕಂಡ ತರಗತಿಗಳಲ್ಲಿ ಮಕ್ಕಳು ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಕೇಳಿ, ಇಲ್ಲ ಹಾಗಲ್ಲ ಎಂದು ಕಾರಣ ಕೊಟ್ಟದ್ದನ್ನು ನೋಡಿದ್ದು ಅದೇ ಮೊದಲು. ತಂಗಿಗೆ ಫೋನು ಮಾಡಿ, ಆ ಮೇಡಮ್ಮಗೆ ಬರುತ್ತದೆ, ಚಿಂತೆ ಬಿಡು ಎಂದೆ. ನನಗೆ ಅಷ್ಟು ಖಚಿತವಾಗಿ ಹೇಳಲು ಬರುವ ವಿಷಯಗಳು ಕಡಿಮೆ.

ಆ ಪಾಠದ ಮುಂದಿನ ಭಾಗವಾಗಿ ಪ್ರತಿ ಮಗುವೂ ತಾನು ಬಲ್ಲ ಒಂದು ಜಾಗಕ್ಕೆ ಹೋಗಿ, ಅಲ್ಲಿ ಏನು ಹಂಚಲಾಗುತ್ತದೆ, ಯಾರಿಗೆ, ಹೇಗೆ ಎಂದು ನೋಡಿ ಬರಬೇಕಿತ್ತು. ನೋಡುವ ಮುಂಚೆ ಒಂದು ಊಹೆ, ನೋಡಿದ ಮೇಲೆ ಆ ಊಹೆ ಉಳಿಯಿತೋ ಬಿತ್ತೋ ಎಂಬ ಮಾತು. ಕೊನೆಯಲ್ಲಿ ಪ್ರದರ್ಶನ. ತೊಗರಿಯ ಹಂಗಾಮು ಅದು. ಸೊಸೆ ರಜೆಯ ದಿನಗಳಲ್ಲಿ ಅಪ್ಪನ ಜೊತೆ ಯಾರ್ಡಿಗೆ ಹೋಗಿ ಅಂಗಡಿಯ ಮೂಲೆಯಲ್ಲಿ ಕೂರತೊಡಗಿದಳು. ಅವಳ ಅಪ್ಪನಿಗೆ ಹಿಗ್ಗು.

"ನೋಡ್ರಿ ಪೇಪರ್‌ನವರ, ಮಗ ಇಲ್ಲಂತ ಮಂದಿ ಅಂತಿದ್ರು. ಈಗ ಗಾದಿ ಮ್ಯಾಲ ಕೂಡಾವ್ರು ತಯಾರಾಗಾಕತ್ತಾರ."

ಏನು ನೋಡುತ್ತಿದ್ದಾಳೆ ಎಂದು ಅವರು ಕೇಳಲಿಲ್ಲ. ತೊಗರಿಯ ಭಾವ ನೋಡುತ್ತಿರಬೇಕು ಎಂದೇ ತಿಳಿದಿದ್ದರು.

ಪ್ರದರ್ಶನದ ದಿನ ನಾನು ವರದಿಗಾರನಾಗಿಯೂ ಮಾವನಾಗಿಯೂ ಹೋದೆ. ಉದ್ದನೆಯ ಹಾಲಿನಲ್ಲಿ ಮಕ್ಕಳು ತಮ್ಮ ತಮ್ಮ ಬೋರ್ಡಿನ ಪಕ್ಕ ನಿಂತಿದ್ದರು. ಪಾಲಕರು ಬಂದು ಕೇಳಬೇಕು, ಮಕ್ಕಳು ಹೇಳಬೇಕು. ಬಹಳ ಪಾಲಕರು ಮಗುವನ್ನು ದಾಟಿ ಶಿಕ್ಷಕಿಯ ಹತ್ತಿರ ಹೋಗಿ, "ನಮ್ಮವನ ಮಾರ್ಕ್ಸ್ ಎಷ್ಟ್ ಬಂದಾವ್ರಿ?" ಎಂದು ಕೇಳುತ್ತಿದ್ದರು. ಒಬ್ಬ ವ್ಯಾಪಾರಿಯ ಮಗ ಮನೆಯ ಟಿವಿ ರಿಮೋಟ್ ಯಾರ ಕೈಯಲ್ಲಿರುತ್ತದೆ ಎಂದು ನೋಡಿದ್ದ. ಅಪ್ಪ ನಿದ್ದೆ ಹೋದರೂ ರಿಮೋಟ್ ಮುಷ್ಟಿಯೊಳಗೇ ಇರುತ್ತದೆ ಎಂದು ಚಿತ್ರ ಬರೆದಿದ್ದ. ಜನ ಸುತ್ತ ನಿಂತು ನಕ್ಕರು. ಅಪ್ಪನೂ ನಕ್ಕ.

ಸೊಸೆಯ ಬೋರ್ಡಿನ ಮೇಲೆ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ದೊಡ್ಡ ಅಕ್ಷರದಲ್ಲಿ ಒಂದು ಪ್ರಶ್ನೆ ಇತ್ತು: ನಮ್ಮ ಅಂಗಡಿಯಲ್ಲಿ ಚಹಾ ಯಾರಿಗೆ?

ಕೆಳಗೆ ಅಂಗಡಿಯ ಚಿತ್ರ. ಗಾದಿಯ ಮೇಲೆ ಕಿವಿಗೆ ಫೋನು ಹಿಡಿದ ಅಪ್ಪ, ಅವರ ಪಕ್ಕ ಇಬ್ಬರು, ಎದುರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೆಲವರು, ಕಟ್ಟೆಯ ಅಂಚಿನಲ್ಲಿ ಕೆಲವರು, ಚೀಲಗಳ ಬದಿಯಲ್ಲಿ ನಿಂತವರು. ಪ್ರತಿಯೊಬ್ಬರ ಪಕ್ಕ ಒಂದು ಸಣ್ಣ ಗುರುತು. ಗಾಜಿನ ಗ್ಲಾಸು, ಪೇಪರ್ ಕಪ್ಪು, ಅಥವಾ ಖಾಲಿ ವೃತ್ತ. ಚಿತ್ರದ ಕೆಳಗೆ ಅವಳದೇ ಮಾತಿನಲ್ಲಿ ಅವಳ ಊಹೆಗಳು. ಬಹಳ ಹೊತ್ತು ಕೂಡುವವರಿಗೆ ಚಹಾ ಸಿಗುತ್ತದೆ ಎಂದು ಮೊದಲು ಅಂದುಕೊಂಡಿದ್ದೆ, ಅದು ತಪ್ಪು, ಹಮಾಲರು ದಿನವಿಡೀ ಇರುತ್ತಾರೆ. ಹೆಚ್ಚು ತೊಗರಿ ತಂದವರಿಗೆ ಸಿಗುತ್ತದೆ ಎಂದು ಆಮೇಲೆ ಅಂದುಕೊಂಡೆ, ಅದೂ ಪೂರ್ತಿ ಸರಿಯಲ್ಲ, ಮಾದನಹಿಪ್ಪರಗಾದಿಂದ ಟ್ರ್ಯಾಕ್ಟರ್ ತುಂಬ ತಂದವರಿಗೆ ಪೇಪರ್ ಕಪ್ಪು, ಏನೂ ತರದೆ ಮಾತಿಗೆ ಬಂದವರಿಗೆ ಗಾಜಿನ ಗ್ಲಾಸು. ಅಪ್ಪನನ್ನು ಕೇಳಿದೆ, ಬೇರೆ ಅಂಗಡಿಗೆ ಹೋಗಿಬಿಡಬಹುದಾದವರಿಗೆ ಚಹಾ ಹೇಳಬೇಕು ಎಂದರು. ಇದು ಬಹಳ ಮಟ್ಟಿಗೆ ಸರಿ. ಆದರೆ ಗ್ಲಾಸು ಯಾಕೆ ಬೇರೆ ಬೇರೆ ಎಂಬುದು ಇದರಿಂದ ತಿಳಿಯುವುದಿಲ್ಲ.

ಕೊನೆಯಲ್ಲಿ ಬಿಳಿ ಮೀಸೆಯ ಒಬ್ಬ ಹಮಾಲನ ಚಿತ್ರ, ಅದರಡಿ ಅವಳು ಬರೆದ ಸಾಲುಗಳು. ನಿಮಗೆ ಚಹಾ ಬೇಡವೇ ಎಂದು ಕೇಳಿದೆ. ಮನೆಯಲ್ಲಿ ಕುಡಿದು ಬಂದಿದ್ದೇನೆ ಎಂದರು. ಸ್ವಲ್ಪ ಹೊತ್ತಿನ ಮೇಲೆ ಗೇಟಿನ ಹೊರಗಿನ ಗಾಡಿಯಲ್ಲಿ ಕುಡಿಯುತ್ತಿದ್ದರು. ನನಗೆ ಹಾಗೆ ಯಾಕೆ ಹೇಳಿದರು ಎಂದು ಗೊತ್ತಾಗಲಿಲ್ಲ.

ಆ ಕೊನೆಯ ವಾಕ್ಯದ ಮುಂದೆ ನಾನು ನಿಂತುಬಿಟ್ಟೆ. ಕಂಡದ್ದನ್ನು ಕಂಡಷ್ಟೇ ಬರೆಯುವುದು, ಕೇಳಿದ್ದನ್ನು ಕೇಳಿದಷ್ಟೇ ಬರೆಯುವುದು, ಎರಡೂ ಹೊಂದದಿದ್ದಾಗ ಹೊಂದಿಸದೆ ಬಿಡುವುದು. ಇದನ್ನು ಹೊಸದಾಗಿ ಸೇರಿದ ವರದಿಗಾರರಿಗೆ ಹೇಳಿಕೊಡಲು ನಾನು ವರ್ಷಗಟ್ಟಲೆ ಹೆಣಗಿದ್ದೇನೆ. ಗೊತ್ತಾಗಲಿಲ್ಲ ಎಂಬ ಪದವನ್ನು ಸ್ವತಃ ನಾನೇ ಯಾವ ವರದಿಯಲ್ಲೂ ಕಳಿಸಿದವನಲ್ಲ.

ಜಾತಿ ಎಂಬ ಮಾತು ಆ ಬೋರ್ಡಿನಲ್ಲಿ ಎಲ್ಲಿಯೂ ಇರಲಿಲ್ಲ. ಅವಳ ಮನಸ್ಸಿನಲ್ಲಿಯೂ ಇದ್ದ ಹಾಗೆ ಕಾಣಲಿಲ್ಲ. ಆದರೆ ಯಾರ್ಡಿನ ಹಮಾಲರು ಯಾವ ಓಣಿಯವರು, ಆ ಟ್ರ್ಯಾಕ್ಟರ್ ತಂದವರು ಯಾರ ಪೈಕಿ ಎಂಬುದು ಪಟ್ಟಣದ ದೊಡ್ಡವರಿಗೆಲ್ಲ ಗೊತ್ತು. ಓದಿದವರು ಅದನ್ನೇ ಓದಿದರು. ಇಲ್ಲಿ ಯಾರೂ ನಗಲಿಲ್ಲ.

ತಂಗಿಯ ಗಂಡ ಯಾರ್ಡಿನಿಂದ ನೇರವಾಗಿ ಬಂದರು. ಕೈಕಟ್ಟಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು.

"ಇದು ಯಾರ್ ಬರಸ್ಯಾರಬೇ?"

"ನಾನೇ ನೋಡಿ ಬರದೇನಪ್ಪಾ."

ಅವರು ನನ್ನ ಕಡೆ ತಿರುಗಿದರು. "ಪೇಪರ್‌ನವರ, ನಿಮ್ಮ ರಕ್ತ ನೋಡ್ರಿ. ಮನಿ ಒಳಗೇ ರಿಪೋರ್ಟರ್ ಹುಟ್ಯಾಳ." ನಗು ಬಲವಂತದ್ದಾಗಿರಲಿಲ್ಲ. ಪ್ರಾಚಾರ್ಯರು ಬಂದು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಾಗ ಅವರ ಮುಖದಲ್ಲಿ ಇದ್ದದ್ದು ಹೆಮ್ಮೆಯೇ. ಆ ಹೊತ್ತಿಗೆ ರಿಮೋಟ್ ಹುಡುಗನ ಅಪ್ಪ ಮೊಬೈಲು ಎತ್ತಿ ಬೋರ್ಡಿನ ಫೋಟೊ ತೆಗೆದದ್ದನ್ನು ನಾನು ನೋಡಿದೆ. ಎಲ್ಲರೂ ಫೋಟೊ ತೆಗೆಯುತ್ತಿದ್ದರು.

ಸಂಜೆಯೊಳಗೆ ಅದು ವ್ಯಾಪಾರಿಗಳ ವಾಟ್ಸಾಪ್ ಗುಂಪಿನಲ್ಲಿತ್ತು.

ಮರುದಿನ ನಾನು ತೊಗರಿ ಆವಕದ ಸುದ್ದಿಗೆ ಯಾರ್ಡಿಗೆ ಹೋದಾಗ ಅಂಗಡಿಯ ಮುಂದೆ ಜಾತ್ರೆ. ಒಬ್ಬ ರೈತ ಟ್ರ್ಯಾಕ್ಟರಿನಿಂದಲೇ ಕೂಗುತ್ತಿದ್ದ.

"ಸಾವ್ಕಾರ್ರ, ನಂದು ಗಾಜಿಂದೋ ಕಾಗದದ್ದೋ ಮೊದಲ ಹೇಳ್ರಿ! ಆಮ್ಯಾಲ ಚೀಲ ಇಳಸ್ತೇನಿ!"

"ಮಗಳಿಗೆ ಫೋನ್ ಹಚ್ಚಿ ಕೇಳ್ರಿ," ಎಂದ ಎದುರು ಅಂಗಡಿಯವ. "ಇವತ್ತ ನನ್ನ ಪಾಳಿ ಅದನೋ ಇಲ್ಲೋ?"

ಲಾರಿ ಮಾಲೀಕ, ಅಂಗಡಿಗೆ ಬಹಳ ವರ್ಷದಿಂದ ಬರುವವರು, ಕುರ್ಚಿ ಎಳೆದುಕೊಂಡು ತಮ್ಮ ಉರ್ದುವಿನಲ್ಲಿ, "ಹಮ್ನಾ ಪ್ಯಾಲಿ ನಕ್ಕೋ ಸೇಠ್, ಕೇಟ್ಲಿಚ್ ಮಂಗಾವೋ," ಎಂದರು. ಕಪ್ಪೇ ಬೇಡ, ಕೆಟಲನ್ನೇ ತರಿಸಿ. ಯಾರ್ಡೆಲ್ಲ ನಕ್ಕಿತು.

ತಂಗಿಯ ಗಂಡನೂ ಮೊದಲ ದಿನ ನಕ್ಕರು. ಎರಡನೆಯ ದಿನ ಕಡಿಮೆ ನಕ್ಕರು. ಆಮೇಲೆ ಒಂದು ಉಪಾಯ ಮಾಡಿದರು. ಎಲ್ಲರಿಗೂ ಪೇಪರ್ ಕಪ್ಪು. ಗಾದಿಯ ಮೇಲಿನವರಿಗೂ, ಚೀಲ ಹೊರುವವರಿಗೂ. ನನಗೆ ಅದು ಒಳ್ಳೆಯ ಕೊನೆ ಎನಿಸಿತು. ಹಾಗೆಂದು ಅವರಿಗೆ ಹೇಳಿಯೂ ಬಂದೆ. ಆದರೆ ಅವರ ಸಂಬಂಧಿಕರೇ ಆದ ಒಬ್ಬ ದೊಡ್ಡ ಜಮೀನಿನವರು ಪೇಪರ್ ಕಪ್ಪನ್ನು ಬಾಯಿಗೆ ತಾಗಿಸದೆ ಕಟ್ಟೆಯ ಮೇಲಿಟ್ಟು ಎದ್ದು ಹೋದರು. ಅವರ ತೊಗರಿ ಮುಂದಿನ ವಾರ ಎದುರಿನ ಅಂಗಡಿಯಲ್ಲಿ ಇಳಿಯಿತು. ಹಮಾಲರು ಕಪ್ಪು ತೆಗೆದುಕೊಂಡರು, ಯಾರ ಮುಖವನ್ನೂ ನೋಡದೆ ಲಾರಿಯ ಹಿಂದೆ ಹೋಗಿ ಕುಡಿದರು.

ಆ ವಾರದ ಒಂದು ಸಂಜೆ ನಾನು ತಂಗಿಯ ಮನೆಯಲ್ಲಿದ್ದೆ. ಬಿಳಿ ಮೀಸೆಯ ಹಮಾಲ ಗೇಟಿನ ಹತ್ತಿರ ಬಂದು ನಿಂತ. ಒಳಗೆ ಬರ್ರಿ, ಕೂಡ್ರಿ ಎಂದು ತಂಗಿ ಕರೆದಳು. ಬರಲಿಲ್ಲ.

"ತಾಯೇ, ನಾ ಚಹಾ ಕೇಳಿಲ್ರಿ. ಸಣ್ಣಬಾಯಾರು ಬೇಕೇನು ಅಂದ್ರು, ನಾ ಮನ್ಯಾಗ ಆಗ್ಯಾದ ಅಂದೆ. ಇಷ್ಟೇ ನೋಡ್ರಿ ಮಾತು. ಮುಕಾದಮ ಅಂತಾನ, ನೀ ಪೋರಿ ಮುಂದ ಅತ್ತು ಕರದು ಸಾವ್ಕಾರನ ಮಾನ ಕಳದೀ, ನಾಳಿಂದ ಬರಬ್ಯಾಡ ಅಂತಾನ. ನನ್ನ ಹೆಸರು ತಗಸ್ರಿ."

ಸೊಸೆ ಬಾಗಿಲಲ್ಲಿ ನಿಂತಿದ್ದಳು. "ಕಾಕಾ, ನಿಮ್ಮ ಹೆಸರು ನಾ ಬರದೇ ಇಲ್ರಿ."

"ಹೆಸರ್ಯಾಕ ಬೇಕವ್ವಾ," ಎಂದ ಅವನು. "ಮೀಸಿ ಬರದೀರಲ್ಲ."

ಒಳಗಿದ್ದ ತಂಗಿಯ ಗಂಡ ಆಗಲೇ ಫೋನು ಮಾಡಿ, ಹಮಾಲರ ಮೇಸ್ತ್ರಿಯಾದ ಆ ಮುಕಾದಮನನ್ನು ಬೈದರು. ಹಮಾಲನ ಕೆಲಸ ಉಳಿಯಿತು. ಅವನು ಮಾತ್ರ ಅಂದಿನಿಂದ ಅವರ ಅಂಗಡಿಯ ಪಾಳಿ ಬಿಟ್ಟು ಬೇರೆ ಸಾಲಿನ ಅಂಗಡಿಗಳಿಗೆ ಹೋಗತೊಡಗಿದ.

ಅವನು ಹೋದ ಮೇಲೆ ಸೊಸೆ ನನ್ನ ಹತ್ತಿರ ಬಂದು ಕುಳಿತಳು. "ಮಾಮಾ, ನಾ ಖರೇನೇ ಬರದಿದ್ದೆ. ಖರೆ ಬರದ್ರ ಅವರಿಗ್ಯಾಕ ಅಂಜಿಕಿ?"

ಮಾತು ಕೊಟ್ಟವರನ್ನು ಕಾಪಾಡಬೇಕು ಎಂದು ನಮ್ಮ ಕಚೇರಿಯಲ್ಲಿ ಮೊದಲ ವಾರವೇ ಹೇಳಿಕೊಡುತ್ತಾರೆ. ಹತ್ತು ವರ್ಷದ ಹುಡುಗಿಗೆ ಅದನ್ನು ಯಾರೂ ಹೇಳಿರಲಿಲ್ಲ. ಬೋರ್ಡಿನ ಮುಂದೆ ನಿಂತು ಮೆಚ್ಚಿದ ನನಗೂ ಆ ಮೀಸೆ ಕಂಡಿತ್ತು, ಅದೇ ಅವನ ಗುರುತಾಗುತ್ತದೆ ಎಂದು ಹೊಳೆದಿರಲಿಲ್ಲ. ನಾಳೆ ಟೀಚರನ್ನು ಕೇಳು ಎಂದೆ.

ಕೇಳಿದಳು. ಶಿಕ್ಷಕಿ ಅದನ್ನು ಇಡೀ ತರಗತಿಯ ಮುಂದೆ ಇಡಲು ನಿರ್ಧರಿಸಿದರು ಎಂದು ಆಮೇಲೆ ತಿಳಿಯಿತು. ನಾವು ಕಂಡುಹಿಡಿದದ್ದರಿಂದ ಯಾರಿಗೆ ನೋವಾಯಿತು, ಈಗ ನಾವೇನು ಮಾಡಬೇಕು ಎಂಬುದು ಮುಂದಿನ ಪಾಠವಾಗಬೇಕಿತ್ತು. ತನ್ನದೂ ತಪ್ಪಿದೆ ಎಂದು ಮಕ್ಕಳ ಎದುರೇ ಹೇಳುವುದೆಂದು ಅವರು ತೀರ್ಮಾನಿಸಿದ್ದರು. ಹೇಳಿದ್ದರೆ ಆ ಶಾಲೆಯ ಅತ್ಯುತ್ತಮ ಪಾಠ ಅದೇ ಆಗುತ್ತಿತ್ತು ಎಂದು ನನ್ನ ಅಂದಾಜು. ಅಷ್ಟರಲ್ಲಿ ಆಡಳಿತ ಮಂಡಳಿಗೆ ಫೋನುಗಳು ಹೋಗಿದ್ದವು. ಪ್ರಾಚಾರ್ಯರು ಶಿಕ್ಷಕಿಯನ್ನು ಕರೆದು, ಈ ವಿಷಯ ಇಲ್ಲಿಗೆ ಸಾಕು ಎಂದರು. ಬೋರ್ಡುಗಳನ್ನು ತೆಗೆದು ಸ್ಟೋರ್ ರೂಮಿಗೆ ಹಾಕಿದರು. ಎಲ್ಲ ಮಕ್ಕಳದೂ, ಒಬ್ಬಳದೇ ತೆಗೆದ ಹಾಗೆ ಕಾಣಬಾರದಲ್ಲ.

ತಂಗಿ ಮತ್ತೆ ಫೋನು ಮಾಡಿದಳು. ಈ ಸಲ ದನಿ ಸಣ್ಣದಾಗಿತ್ತು.

"ಅಣ್ಣಾ, ಇವರು ಅಕಿನ್ನ ಜೇವರ್ಗಿ ಕಡೆ ಹಾಸ್ಟೆಲ್ ಕೋಚಿಂಗ್‌ಗೆ ಹಾಕ್ತೇನಿ ಅನ್ನಾಕತ್ತಾರ. ಈ ವರ್ಷ ಮುಗಿದ ಮ್ಯಾಲ. ಕೂಸು ಈಗೀಗ ಬಾಯಿ ಬಿಟ್ಟು ಮಾತಾಡಾಕತ್ತಿತ್ತು. ನೀ ಒಂದ್ ಮಾತ ಹೇಳು."

ಅಂಗಡಿಗೆ ಹೋದೆ. ಮಧ್ಯಾಹ್ನದ ಹರಾಜು ಮುಗಿದು ಗಾದಿ ಖಾಲಿ ಇತ್ತು. ನಾನು ಬಂದ ಕಾರಣ ಅವರಿಗೆ ತಿಳಿದಿತ್ತು.

"ನನಗ ಸಿಟ್ಟಿಲ್ರಿ," ಎಂದರು. "ಮಂದಿ ನಕ್ರು, ನಗ್ಲಿ. ಒಂದ್ ಗಿರಾಕಿ ಹೋಯ್ತು, ಮತ್ತೊಂದ್ ಬರ್ತದ."

"ಮತ್ತ?"

"ಅಂಜಿಕಿ ರಿ. ಇವತ್ತ ಚಹಾ ನೋಡ್ಯಾಳ. ನಾಳಿ ತೂಕ ನೋಡ್ತಾಳ. ನಾಡದು ಮನ್ಯಾಗ ಅವರವ್ವ ಎಲ್ಲಿ ಕೂತು ಉಣ್ತಾಳ ಅಂತ ನೋಡ್ತಾಳ. ಎಲ್ಲಾದಕ್ಕೂ ಯಾಕ ಅಂದ್ರ ನಾ ಏನಂತ ಹೇಳ್ಲಿ? ನನಗ್ಯಾರ್ ಹೇಳ್ಯಾರ?"

"ಗೊತ್ತಿಲ್ಲ ಅನ್ರಿ. ಅವರ ಮೇಡಂ ಹಂಗೇ ಅಂತಾರ."

"ಮೇಡಂ ಅಂದ್ರ ಪಗಾರ್ ಬರ್ತದ. ಅಪ್ಪ ಅಂದ್ರ ಮಾನ ಹೋಗ್ತದ." ನನ್ನ ಕಡೆ ತಿರುಗಿ ಮುಂದುವರಿಸಿದರು. "ಒಂದ್ ಮಾತ್ ಹೇಳ್ರಿ. ಮುಂದ ಡಾಕ್ಟರ್ ಸೀಟಿಗೆ ಪರೀಕ್ಷಾ ಬರೀತಾಳಲ್ಲ, ಅಲ್ಲಿ ಯಾರ್ ಇದನ್ನ ಕೇಳ್ತಾರ? ಗೊತ್ತಾಗಲಿಲ್ಲ ಅಂತ ಬರದ್ರ ಮಾರ್ಕ್ಸ್ ಕೊಡ್ತಾರೇನು? ನಿಮ್ಮ ಪೇಪರ್ದಾಗ ಯಾರ ಫೋಟೊ ಹಾಕ್ತೀರಿ ನೀವು?"

ಪ್ರತಿವರ್ಷ ಫಲಿತಾಂಶದ ದಿನ ಹೆಚ್ಚು ಅಂಕ ಪಡೆದವರ ಬಾಯಿಗೆ ಪಾಲಕರು ಸಿಹಿ ಇಡುವ ಫೋಟೊ ಹಾಕುತ್ತೇವೆ. ನಮ್ಮ ಶಿಕ್ಷಣ ಪುಟದ ಅರ್ಧ ಕೋಚಿಂಗ್ ಕೇಂದ್ರಗಳ ಜಾಹೀರಾತು. ಅವರು ಗೆದ್ದೆನೆಂಬ ಮುಖ ಮಾಡಲಿಲ್ಲ, ಅದು ಅವರ ದೊಡ್ಡತನ. ಪಾಲಕರ ಸಭೆ ಇದೆ, ಬನ್ನಿ, ಅಲ್ಲಿ ಹತ್ತು ಮಂದಿ ಹೇಳಿದ ಹಾಗೆ ಮಾಡುತ್ತೇನೆ ಎಂದರು.

ಸಭೆಗೆ ತಂಗಿಯ ಜೊತೆ ಹೋದೆ. ಟಿಪ್ಪಣಿ ಮಾಡಿಕೊಳ್ಳುವ ಅಭ್ಯಾಸ ನನ್ನದು, ಆದ್ದರಿಂದ ಒಂದು ವಿಷಯವನ್ನು ಖಚಿತವಾಗಿ ಹೇಳಬಲ್ಲೆ. ಆ ಇಡೀ ಸಭೆಯಲ್ಲಿ ಚಹಾ ಎಂಬ ಮಾತನ್ನು ಯಾರೂ ಆಡಲಿಲ್ಲ. ಹಮಾಲರ ಸುದ್ದಿ ಬರಲಿಲ್ಲ, ಗ್ಲಾಸಿನ ಸುದ್ದಿ ಬರಲಿಲ್ಲ. ಮಾತೆಲ್ಲ ಪುಸ್ತಕ, ಹೋಂವರ್ಕ್, ರ‍್ಯಾಂಕ್ ಬಗ್ಗೆ. ಮಗ್ಗಿ ಬರುವುದಿಲ್ಲ ಎಂದರು ಒಬ್ಬರು. ಮನೆಗೆ ಬಂದು ಬರೀ ಮಾತಾಡುತ್ತಾನೆ ಎಂದರು ಇನ್ನೊಬ್ಬರು. ರಿಮೋಟ್ ಹುಡುಗನ ಅಪ್ಪ ಎದ್ದು, "ಸರ್, ಚಿತ್ರಾ ತೆಗೂದ್ ಮನ್ಯಾಗೂ ಕಲಿತಾವ್ರಿ. ನಮಗ ಕಾಂಪಿಟಿಷನ್ನಿಗೆ ತಯಾರ್ ಮಾಡಿ ಕೊಡ್ರಿ," ಎಂದಾಗ ಚಪ್ಪಾಳೆ ಬಿತ್ತು.

ಪ್ರಾಚಾರ್ಯರು ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿ, ಉನ್ನತ ಗುಣಮಟ್ಟದ ಕಲಿಕೆ ಎಂದರೆ ಏನು ಎಂದು ಹತ್ತು ಅಂಶಗಳಲ್ಲಿ ವಿವರಿಸಿದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಬಿಸ್ಕೀಟು ಪುಡಿಕೆಯ ಆ ಒಂದು ತಾಸು ನೋಡಿದವನಿಗೆ ಆ ಹತ್ತೂ ಅಂಶ ತಾನಾಗಿಯೇ ಅರ್ಥವಾಗುತ್ತಿದ್ದವು, ನೋಡದವರಿಗೆ ಒಂದೂ ಆಗಲಿಲ್ಲ. ಶಿಕ್ಷಕಿ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಅವರಿಗೆ ಯಾರೂ ಮಾತನಾಡಿ ಎನ್ನಲಿಲ್ಲ.

ನನಗೆ ಮಾತನಾಡಿ ಎಂದರು. "ಪೇಪರ್‌ನವರು ಬಂದಾರ, ಅವರೂ ಎರಡ್ ಮಾತ ಹೇಳ್ಲಿ." ಎದ್ದು ನಿಂತು, ಈ ಮಕ್ಕಳು ನೋಡುವುದನ್ನು, ನೋಡಿದ್ದನ್ನು ಪ್ರಾಮಾಣಿಕವಾಗಿ ಹೇಳುವುದನ್ನು ಕಲಿತಿದ್ದಾರೆ, ಇದು ಸುಲಭಕ್ಕೆ ಸಿಗುವ ವಿದ್ಯೆಯಲ್ಲ ಎಂದೆ. ಒಬ್ಬರು ಕುಳಿತಲ್ಲಿಂದಲೇ, "ನೀವು ಬರೀರಿ ಸರ್, ನಾವ್ ಮಕ್ಕಳನ್ನ ಬೆಳಸ್ತೇವಿ," ಎಂದರು. ಅದು ಅಪಹಾಸ್ಯವಾಗಿರಲಿಲ್ಲ. ಎರಡೂ ಬೇರೆ ಬೇರೆ ಕೆಲಸ ಎಂದು ಅವರು ನಂಬಿದ್ದರು. ಮುಂದಿನ ವರ್ಷದಿಂದ ವಾರಕ್ಕೊಂದು ಪರೀಕ್ಷೆ, ಪ್ರದರ್ಶನದ ಬದಲು ವಾರ್ಷಿಕೋತ್ಸವ ಎಂದು ತೀರ್ಮಾನವಾಯಿತು. ತಂಗಿಯ ಗಂಡ ಸಭೆಯಲ್ಲಿ ಬಾಯಿ ಬಿಡಲಿಲ್ಲ. ಬಿಡುವ ಅಗತ್ಯ ಬೀಳಲಿಲ್ಲ.

ಬೇಸಿಗೆಯಲ್ಲಿ ಸೊಸೆಯನ್ನು ಜೇವರ್ಗಿಯ ಕಡೆಯ ಕ್ಯಾಂಪಸ್ಸಿಗೆ ಬಿಟ್ಟು ಬಂದರು. ಅತ್ತು ರಂಪ ಮಾಡಿದಳೇ ಎಂದು ತಂಗಿಯನ್ನು ಕೇಳಿದೆ. ಇಲ್ಲ, ಟ್ರಂಕು ತಾನೇ ಹೊಂದಿಸಿಕೊಂಡಳು ಎಂದಳು.

ಶಿಕ್ಷಕಿ ಇನ್ನೂ ಅದೇ ಶಾಲೆಯಲ್ಲಿದ್ದಾರೆ. ಬಸ್ ನಿಲ್ದಾಣದಲ್ಲಿ ಒಮ್ಮೆ ಸಿಕ್ಕಾಗ, ಆ ಹುಡುಗಿ ಹೇಗಿದ್ದಾಳೆ ಎಂದು ಕೇಳಿದರು. ಬ್ಯಾಗಿನಲ್ಲಿ ತಿದ್ದಬೇಕಾದ ಪರೀಕ್ಷೆಯ ಹಾಳೆಗಳಿದ್ದವು. "ಆ ಪಾಠ ತಗೊಳ್ಳಾಕ ಆಗಲಿಲ್ಲ ನೋಡ್ರಿ ಸರ್," ಎಂದರು. ನರೋಣಾದ ಬಸ್ಸು ಬಂತು.

ಮಳೆಗಾಲ ಮುಗಿಯುತ್ತ ಬಂದಾಗ ಸುದ್ದಿಯೊಂದಕ್ಕೆ ಜೇವರ್ಗಿಗೆ ಹೋಗಿದ್ದೆ. ಭಾನುವಾರವಾದ್ದರಿಂದ ಹಾಸ್ಟೆಲಿಗೆ ಹೋದೆ. ಭೇಟಿಯ ಶೆಡ್ಡಿನಲ್ಲಿ ತಾಯಂದಿರು ಡಬ್ಬಿ ಬಿಚ್ಚಿ ಮಕ್ಕಳಿಗೆ ಉಣಿಸುತ್ತಿದ್ದರು. ಸೊಸೆ ಓಡಿ ಬಂದಳು. ಕೂದಲು ಕತ್ತರಿಸಿದ್ದರು, ಎತ್ತರವಾಗಿದ್ದಳು. ಆರೋಗ್ಯವಾಗಿದ್ದಳು. ಅವಳನ್ನು ನೋಡಿ ಮರುಕಪಡಲು ಏನೂ ಸಿಗಲಿಲ್ಲ.

"ಮಾಮಾ, ನಾ ಟಾಪ್ ಬ್ಯಾಚಿನಾಗ ಅದೇನಿ!"

"ಶಾಬಾಶ್. ಈಗ ಏನ್ ನೋಡಾಕತ್ತೀ? ಏನರ ಪ್ರಶ್ನಿ ಹುಡುಕೀಯೇನು?"

ಅವಳಿಗೆ ನಾನು ಕೇಳಿದ್ದು ತಕ್ಷಣ ಹತ್ತಲಿಲ್ಲ. ಆಮೇಲೆ ತಿಳಿಯದವರಿಗೆ ತಾಳ್ಮೆಯಿಂದ ಹೇಳುವ ದನಿಯಲ್ಲಿ, "ಇಲ್ಲಿ ಪ್ರಶ್ನಿ ಅವರೇ ಕೊಡ್ತಾರ ಮಾಮಾ," ಎಂದಳು.

ಮಾದರಿ ಪ್ರಶ್ನೆಪತ್ರಿಕೆಯನ್ನೂ ಉತ್ತರದ ಹಾಳೆಯನ್ನೂ ತಂದು ತೋರಿಸಿದಳು. ಸಾಲು ಸಾಲು ಸಣ್ಣ ವೃತ್ತಗಳು. ಸರಿ ಉತ್ತರದ ವೃತ್ತವನ್ನು ಪೂರ್ತಿ ಕಪ್ಪು ಮಾಡಬೇಕು, ಅಂಚು ದಾಟಬಾರದು, ಬಿಳಿ ಉಳಿಯಬಾರದು. ಪೆನ್ನನ್ನು ಹೇಗೆ ಹಿಡಿದರೆ ಮೂರು ಸುತ್ತಿನಲ್ಲಿ ತುಂಬುತ್ತದೆ ಎಂದು ಮಾಡಿ ತೋರಿಸಿದಳು. ನಿಜವಾಗಿಯೂ ಚುರುಕಾಗಿತ್ತು ಕೈ. ತಮ್ಮ ಕೋಣೆಯಲ್ಲಿ ತನಗಿಂತ ಬೇಗ ಮುಗಿಸುವವಳು ಒಬ್ಬಳೇ ಇದ್ದಾಳೆ, ಅವಳು ಅಫಜಲಪುರದವಳು, ಮುಂದಿನ ವಾರ ಅವಳನ್ನು ಹಿಂದೆ ಹಾಕುತ್ತೇನೆ ಎಂದಳು.

"ಒಂದ್ ಪೇಪರ್ ಮಾಡ್ಲೇನು ಮಾಮಾ? ನೀವು ಟೈಮ್ ಹಿಡೀರಿ. ಇಲ್ಲಿ ಹಿಡಿಯೋರು ಯಾರೂ ಸಿಗೂದಿಲ್ಲ."

ಬೇಡ ಎನ್ನಲು ಕಾರಣ ಹುಡುಕಿದೆ. ಅವಳ ಮುಖದಲ್ಲಿ ಉತ್ಸಾಹ ಇತ್ತು, ಭೇಟಿಯ ಸಮಯ ಇನ್ನೂ ಉಳಿದಿತ್ತು. ಅವಳು ಸಿಮೆಂಟಿನ ಬೆಂಚಿನ ಮೇಲೆ ಹಾಳೆ ಹಾಸಿ, ಪೆನ್ನಿನ ಮುಚ್ಚಳ ತೆಗೆದು, ನನ್ನ ಬಾಯಿಯನ್ನೇ ನೋಡುತ್ತ ಕುಳಿತಳು. ನಾನು ಜೇಬಿನಿಂದ ಫೋನು ತೆಗೆದೆ.

"ಹೂಂ," ಎಂದೆ. ಅವಳು ತಲೆ ಬಗ್ಗಿಸಿದಳು.